ಅಂಗಳದ ಅಡಿಯ ಹೊಣೆ

ಬಚ್ಚಲಲ್ಲಿ ಸುರಿದ ನೀರು ಕಣ್ಣಿಗೆ ಮರೆಯಾದೊಡನೆ ಮನಸ್ಸಿಗೂ ಮರೆಯಾಗುತ್ತದೆ. ಆದರೆ ಅದರ ಪಯಣ ಅಲ್ಲಿಗೆ ಮುಗಿಯುವುದಿಲ್ಲ. ಅಡುಗೆಮನೆ, ಬಚ್ಚಲು, ಶೌಚಾಲಯಗಳ ನೀರು ಮನೆಯ ಕೊಳವೆಯ ಮೂಲಕ ಸಾಗಿ ಬೀದಿಯ ಒಳಚರಂಡಿಯನ್ನು ಸೇರುತ್ತದೆ. ಬೆಂಗಳೂರಿನಲ್ಲಿ ಬೀದಿಯ ಒಳಚರಂಡಿಯನ್ನು ನೋಡಿಕೊಳ್ಳುವ ಹೊಣೆ, 1964ರ ಕಾಯಿದೆಯಂತೆ ಸ್ಥಾಪಿತವಾದ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯದು. ಮನೆಯ ಆವರಣದೊಳಗಿನ ಕೊಳವೆಯಾದರೋ ಮನೆಯೊಡೆಯನದು. ಅದು ಮಣ್ಣಿನ ಅಡಿಯಲ್ಲಿದೆ ಎಂದ ಮಾತ್ರಕ್ಕೆ ಅವನ ಹೊಣೆ ಕಡಿಮೆಯಾಗದು.

ಕೊಳವೆ ಒಂದೇ ದಿನದಲ್ಲಿ ಕಟ್ಟಿಕೊಳ್ಳುವುದಿಲ್ಲ. ಪಾತ್ರೆ ತೊಳೆದ ನೀರಿನ ಜಿಡ್ಡು ಅದರ ಒಳಮೈಗೆ ಅಂಟುತ್ತದೆ. ಅನ್ನದ ಅಗುಳು, ಕೂದಲು, ಬಟ್ಟೆಯ ಚೂರುಗಳು ಆ ಜಿಡ್ಡಿಗೆ ಸಿಕ್ಕಿಕೊಂಡು ನೀರಿನ ದಾರಿ ಕಿರಿದಾಗುತ್ತದೆ. ಬಿರುಕುಗಳಲ್ಲಿ ಮರದ ಬೇರು ನುಸುಳುತ್ತದೆ. ಮಾಳಿಗೆಯ ಮಳೆನೀರನ್ನು ಒಳಚರಂಡಿಗೆ ಬಿಡುವುದು ಮತ್ತೊಂದು ತಪ್ಪು. ಆ ಪ್ರವಾಹವನ್ನು ತಾಳಲಾರದೆ ಕೊಳಚೆಯು ತಗ್ಗಿನ ಮನೆಗಳಿಗೆ ಹಿಮ್ಮುಖವಾಗಿ ನುಗ್ಗುತ್ತದೆ. ಒಬ್ಬನ ಅಲಕ್ಷ್ಯಕ್ಕೆ ನೆರೆಯವನು ದಂಡ ತೆರಬೇಕಾಗುತ್ತದೆ.

ಇದಕ್ಕಿಂತ ಭಾರಿಯಾದ ದಂಡವನ್ನು ತೆರುವವನು, ಕಟ್ಟಿಕೊಂಡ ಗುಂಡಿಯನ್ನು ತೆರವುಗೊಳಿಸಲು ಇಳಿಯುವ ಬಡ ಕಾರ್ಮಿಕ. ಕೊಳೆತ ಮಲಿನದಿಂದ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಗಾಳಿಗಿಂತ ಭಾರವಾದ ಅದು ತಳದಲ್ಲಿ ನೆಲೆಸುತ್ತದೆ. ಕೊಳೆತ ಮೊಟ್ಟೆಯ ನಾತ ಬೀರುವ ಈ ಅನಿಲ, ಪ್ರಮಾಣ ಹೆಚ್ಚಿದಾಗ ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. ಅಪಾಯದ ಅರಿವಾಗುವ ಮೊದಲೇ ಇಳಿದವನು ಪ್ರಜ್ಞೆ ತಪ್ಪಬಹುದು. ಅವನನ್ನು ಎತ್ತಲು ಧಾವಿಸಿದವನೂ ಅಲ್ಲಿಯೇ ಪ್ರಾಣ ಬಿಟ್ಟ ಉದಾಹರಣೆಗಳುಂಟು.

ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು. 2013ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು, ರಕ್ಷಣಾ ಸಾಧನಗಳಿಲ್ಲದೆ ಯಾರನ್ನೇ ಆಗಲಿ ಒಳಚರಂಡಿ ಅಥವಾ ಮಲಗುಂಡಿಯ ಅಪಾಯಕರ ಶುಚಿಕಾರ್ಯಕ್ಕೆ ತೊಡಗಿಸುವುದನ್ನು ಅಪರಾಧವೆಂದು ಸಾರಿತು. ಮೊದಲನೆಯ ತಪ್ಪಿಗೇ 2 ವರ್ಷಗಳವರೆಗೆ ಸೆರೆವಾಸ, ಇಲ್ಲವೆ 2 ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ಅದು ವಿಧಿಸುತ್ತದೆ. ಈ ನಿಷೇಧವು ನಗರಸಭೆಗೆ ಮಾತ್ರವಲ್ಲ, ಮನೆಯೊಡೆಯನಿಗೂ ಅನ್ವಯಿಸುತ್ತದೆ. ‘ಅವನು ಕೂಲಿಗೆ ಒಪ್ಪಿಯೇ ಇಳಿದನು’ ಎಂಬ ಸಮಾಧಾನ ಸಲ್ಲದು. ಹಸಿವಿನಿಂದ ಬಂದ ಒಪ್ಪಿಗೆ ನಿಜವಾದ ಒಪ್ಪಿಗೆಯಲ್ಲ.

ಹೊಣೆಯರಿತ ಗೃಹಸ್ಥನು ಕೊಳವೆಗೆ ತಕ್ಕ ಇಳಿಜಾರು ಕೊಡಿಸುತ್ತಾನೆ; ತಿರುವುಗಳಲ್ಲಿ ತಪಾಸಣೆಯ ಗುಂಡಿಗಳನ್ನು ಕಟ್ಟಿಸುತ್ತಾನೆ; ಬಚ್ಚಲ ಬಾಯಿಗೆ ಜಾಲರಿ ಹಾಕಿಸಿ, ಮಳೆನೀರಿಗೆ ಬೇರೆ ದಾರಿ ಮಾಡುತ್ತಾನೆ. ಆದರೂ ಕೊಳವೆ ಕಟ್ಟಿಕೊಂಡರೆ ಅವನು ಕರೆಸುವುದು ಯಂತ್ರವನ್ನು. ಗುಂಡಿಗೆ ಮನುಷ್ಯನನ್ನು ಇಳಿಸುವುದಿಲ್ಲ. ಅಂಗಳದ ಮೇಲಿನ ರಂಗೋಲಿಯಷ್ಟೇ ಅದರ ಅಡಿಯ ಕೊಳವೆಯೂ ಮನೆಯವರ ನಡತೆಗೆ ಸಾಕ್ಷಿ.