ವೈರಲ್ ಆದರೆ ಸಾಲದು, ಎಫ್‌ಐಆರ್ ಆಗಬೇಕು

2023ರ ಮೇ 4ರಂದು ಮಣಿಪುರದಲ್ಲಿ ಗುಂಪೊಂದು ಕುಕಿ ಸಮುದಾಯದ ಮಹಿಳೆಯರನ್ನು ಬೆತ್ತಲೆ ಮಾಡಿ ಮೆರವಣಿಗೆ ನಡೆಸಿತು. ಮೇ 18ಕ್ಕೇ ಠಾಣೆಯಲ್ಲಿ ಜೀರೊ ಎಫ್‌ಐಆರ್ (ಬೇರೆ ಠಾಣೆಯ ವ್ಯಾಪ್ತಿಯ ಘಟನೆಗೂ ಹಾಕಬಹುದಾದ ಎಫ್‌ಐಆರ್) ದಾಖಲಾಗಿತ್ತು, ಆದರೆ ಕೇಸು ಅಲ್ಲೇ ಕೂತಿತ್ತು. ಜುಲೈ 19ರಂದು ಅದರ ವಿಡಿಯೊ ಮೊಬೈಲುಗಳಿಗೆ ಬಂದದ್ದೇ ತಡ, ಮರುದಿನ ಸುಪ್ರೀಂ ಕೋರ್ಟ್ ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು, ಬಂಧನವೂ ನಡೆಯಿತು. ಆಗ ಮಣಿಪುರದಲ್ಲಿ ನಡೆಯುತ್ತಿದ್ದ ಸಂಘರ್ಷ ಮೂಲತಃ ಜನಾಂಗೀಯವಾದದ್ದು ನಿಜ. ಆದರೂ ಕುಕಿಗಳಲ್ಲಿ ಬಹುಪಾಲು ಜನ ಕ್ರೈಸ್ತರು, ಅಲ್ಲಿ ಸುಟ್ಟ ಕಟ್ಟಡಗಳಲ್ಲಿ ಚರ್ಚುಗಳೂ ಇದ್ದವು. ಜಾಲತಾಣದ ಬಲ ಏನೆಂದು ಅಂದು ಎಲ್ಲರೂ ಕಂಡರು. ಅದೇ ವಿಡಿಯೊ ಆ ಹೆಣ್ಣುಮಕ್ಕಳ ಮಾನವನ್ನು ಇನ್ನೊಮ್ಮೆ ಬೀದಿಗೆ ತಂದಿದ್ದನ್ನೂ ಕಂಡರು.

ಕ್ರೈಸ್ತರ ಮೇಲಿನ ದಾಳಿಯ ವಿಡಿಯೊ ಹಂಚಲು ಹೊರಟ, ಹೆಚ್ಚು ಫಾಲೋವರ್ಸ್ ಇರುವವರು ಮೊದಲು ತಿಳಿಯಬೇಕಾದದ್ದು ಇದನ್ನೇ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಯಲು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 72ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಜೈಲು. ಮಕ್ಕಳ ಮುಖ, ಹೆಸರು, ಶಾಲೆ ತೋರಿಸುವುದನ್ನು ಬಾಲನ್ಯಾಯ ಕಾಯ್ದೆ ತಡೆಯುತ್ತದೆ. ಉದ್ದೇಶ ಒಳ್ಳೆಯದಿತ್ತು ಎಂದರೆ ಕಾನೂನು ಕೇಳುವುದಿಲ್ಲ.

ಭಾನುವಾರ ಬಾಡಿಗೆ ಹಾಲ್ ಒಂದರಲ್ಲಿ ಪ್ರಾರ್ಥನಾ ಕೂಟ ನಡೆದಿದೆ ಎನ್ನಿ. ಹತ್ತಾರು ಜನ ‘ಮತಾಂತರ’ ಎಂದು ಕೂಗುತ್ತ ನುಗ್ಗಿ, ಪಾಸ್ಟರ್ ಮೇಲೆ ಕೈ ಮಾಡಿ, ಬೈಬಲ್ ಹರಿದುಹಾಕಿ ಹೋಗುತ್ತಾರೆ. ಮಧ್ಯಾಹ್ನದೊಳಗೆ ವಿಡಿಯೊ ನಿಮ್ಮ ವಾಟ್ಸ್‌ಆ್ಯಪ್‌ಗೆ ಬರುತ್ತದೆ. ನಿಮ್ಮ ಕೈಗೆ ಬಂದಿರುವುದು ಕುಗ್ಗಿಸಿದ ನಕಲು. ಅಸಲಿ ಇರುವುದು ತೆಗೆದವರ ಫೋನಿನಲ್ಲಿ. ಕೋರ್ಟಿಗೆ ಬೇಕಾದದ್ದು ಅಸಲಿಯೇ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನಡಿ ಕೊಡಬೇಕಾದ ಪ್ರಮಾಣಪತ್ರದಲ್ಲಿ ಫೈಲಿನ ‘ಹ್ಯಾಶ್’ ಸಂಖ್ಯೆಯನ್ನೂ (ಫೈಲ್ ಕೊಂಚ ಬದಲಾದರೂ ಬದಲಾಗುವ ಡಿಜಿಟಲ್ ಬೆರಳಚ್ಚು) ಬರೆಯಬೇಕು. ವಾಟ್ಸ್‌ಆ್ಯಪ್‌ನಲ್ಲಿ ಕುಗ್ಗಿದ, ನೀವು ಹಾಡು ಸೇರಿಸಿ ಕತ್ತರಿಸಿದ ಫೈಲಿಗೆ ಆ ಸಂಖ್ಯೆ ತಾಳೆಯಾಗದು. ‘ಅಣ್ಣಾ, ಫೋನಲ್ಲಿರೋದನ್ನ ಡಿಲೀಟ್ ಮಾಡಬೇಡಿ, ಫೋನ್ ಬದಲಾಯಿಸಬೇಡಿ’ ಎಂದು ವಿಡಿಯೊ ತೆಗೆದವರಿಗೆ ಹೇಳುವುದೇ ನೀವು ಮಾಡಬಹುದಾದ ಮೊದಲ ಉಪಕಾರ.

ಎರಡನೆಯದು ಒಪ್ಪಿಗೆ. ಸಂತ್ರಸ್ತರು ಹೂಂ ಎನ್ನದೆ ಪೋಸ್ಟ್ ಹಾಕಬೇಡಿ, ಕೂತು ಪ್ರಾರ್ಥಿಸುತ್ತಿದ್ದವರ ಮುಖಗಳನ್ನು ಮಸುಕು ಮಾಡಿ. ಉತ್ತರ ಪ್ರದೇಶದ ಮತಾಂತರ ನಿಷೇಧ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿ ಪ್ರಕಾರ ಯಾರು ಬೇಕಾದರೂ ದೂರು ಕೊಡಬಹುದು. ಅಂಥ ಕಡೆ ನೀವು ಕನಿಕರದಿಂದ ಹಾಕಿದ ಮುಖವನ್ನೇ ಹಿಡಿದು ಅದೇ ಮನುಷ್ಯನ ಮೇಲೆ ಇನ್ನೊಬ್ಬ ಠಾಣೆಗೆ ಹೋಗಬಹುದು.

ಇನ್ನು ಠಾಣೆಯ ಮಾತು. ನಿಮ್ಮ ಪೋಸ್ಟ್‌ಗೆ ಎರಡು ಲಕ್ಷ ಲೈಕ್ ಬಂದರೂ ಅದು ದೂರಲ್ಲ. ಧಾರ್ಮಿಕ ಸಭೆಗೆ ಅಡ್ಡಿಪಡಿಸಿದರೆ ಬಿಎನ್‌ಎಸ್ 300, ಪವಿತ್ರವೆಂದು ಭಾವಿಸುವ ವಸ್ತುವನ್ನು ಅವಮಾನಿಸುವ ಉದ್ದೇಶದಿಂದ ಹಾಳುಮಾಡಿದರೆ 298: ಎರಡೂ ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ಎಫ್‌ಐಆರ್ ದಾಖಲಿಸಲೇಬೇಕಾದವು. ಘಟನೆ ಎಲ್ಲೇ ನಡೆದಿರಲಿ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 173ರ ಪ್ರಕಾರ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಎಫ್‌ಐಆರ್ ಪ್ರತಿ ಉಚಿತ. ‘ವಿಚಾರಿಸ್ತೀವಿ, ಹೋಗಿ’ ಎಂದು ಸಾಗಹಾಕಿದರೆ ಎಸ್‌ಪಿಗೆ ಬರಹದಲ್ಲಿ, ಅಂಚೆ ಮೂಲಕ ದೂರು ಕಳಿಸಬೇಕು, ರಸೀದಿ ಇಟ್ಟುಕೊಳ್ಳಬೇಕು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್. ವಕೀಲರಿಗೆ ದುಡ್ಡಿಲ್ಲದವರು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು. ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಇದೆ.

ಕಾಮೆಂಟುಗಳಲ್ಲಿ ‘ಅಟ್ರಾಸಿಟಿ ಕೇಸ್ ಹಾಕಿ’ ಎನ್ನುವವರು ಬಹಳ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರಿಗೆ 1950ರ ರಾಷ್ಟ್ರಪತಿ ಆದೇಶದ ಕಾರಣ ಪರಿಶಿಷ್ಟ ಜಾತಿ–ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ ಆ ರಕ್ಷಣೆ ಸಿಗುವುದಿಲ್ಲ. ಪರಿಶಿಷ್ಟ ಪಂಗಡಕ್ಕೆ ಧರ್ಮದ ಷರತ್ತಿಲ್ಲ, ಹಾಗಾಗಿ ಆದಿವಾಸಿ ಕ್ರೈಸ್ತರು ಕೇಳಬಹುದು. ಇದು ಸರಿಯೇ ಎಂಬ ವಾದ ಬೇರೆ, ಅದು ಇನ್ನೂ ಮುಗಿದಿಲ್ಲ. ಸದ್ಯ ತಪ್ಪು ಸಲಹೆ ಕೊಟ್ಟು ಕೇಸು ಕೆಡಿಸಬೇಡಿ.

ಪೋಸ್ಟಿನ ಒಕ್ಕಣೆ ಚಿಕ್ಕದಿರಲಿ: ಯಾವ ದಿನ, ಯಾವ ಊರು, ಏನಾಯಿತು, ದೂರು ಎಲ್ಲಿದೆ. ‘ಅವರ ಜನವೇ ಹೀಗೆ’ ಎಂದು ಬರೆದಿರೋ, ವೈರ ಬಿತ್ತಿದ ಆರೋಪದಲ್ಲಿ ಬಿಎನ್‌ಎಸ್‌ನ 196ನೇ ಸೆಕ್ಷನ್ ನಿಮ್ಮ ಮೇಲೇ ಬೀಳಬಹುದು. ಹಳೆಯ ವಿಡಿಯೊಗೆ ಹೊಸ ದಿನಾಂಕ ಅಂಟಿಸಿದರೆ 353 ಕೂಡ.

ಪೋಸ್ಟಿನ ಕಾವು ಮೂರು ದಿನಕ್ಕೆ ಆರುತ್ತದೆ. ನಿಮ್ಮ ಪ್ರಭಾವ ನಿಜಕ್ಕೂ ಬೇಕಾಗುವುದು ಆಮೇಲೆ. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ದೂರುದಾರರಿಗೆ ಪೊಲೀಸರು ತಿಳಿಸಬೇಕೆಂದು ಬಿಎನ್‌ಎಸ್‌ಎಸ್ 193 ಹೇಳುತ್ತದೆ. ದಿನಾಂಕ ಗುರುತು ಹಾಕಿಕೊಂಡು, ಅಂದು ಎಫ್‌ಐಆರ್ ಸಂಖ್ಯೆಯೊಂದಿಗೆ ಇನ್ನೊಂದು ಪೋಸ್ಟ್ ಹಾಕಿ, ಎಸ್‌ಪಿ ಕಚೇರಿಯನ್ನು ಟ್ಯಾಗ್ ಮಾಡಿ. ಸಾಕ್ಷಿಗಳಿಗೆ ಬೆದರಿಕೆ ಇದ್ದರೆ 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ಅರ್ಜಿ ಹಾಕಿಸಿ.

ಹಣ ಎತ್ತುವಾಗ ಇನ್ನಷ್ಟು ಎಚ್ಚರ ಬೇಕು. ದುಬೈಯಲ್ಲಿ ದುಡಿಯುವ, ಭಾರತದ ಪಾಸ್‌ಪೋರ್ಟೇ ಇರುವ ಮಂಗಳೂರಿನವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದ ಅವರ ಅಣ್ಣ ಕಳಿಸಿದರೆ ಅದು ವಿದೇಶಿ ದೇಣಿಗೆಯೇ, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ ಅಷ್ಟೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಚರ್ಚಿನ ಪರಿಹಾರ ನಿಧಿಗೆ ತೆಗೆದುಕೊಳ್ಳುವಂತಿಲ್ಲ. ನಿಮ್ಮ ಸ್ವಂತ ಯುಪಿಐ ಕ್ಯೂಆರ್ ಕೋಡನ್ನು ರೀಲ್ಸಿನ ಕೆಳಗೆ ಹಾಕುವ ಬದಲು ಸಂತ್ರಸ್ತ ಕುಟುಂಬ ಒಪ್ಪಿದರೆ ಅವರದೇ ಬ್ಯಾಂಕ್ ಖಾತೆಯ ವಿವರ ಕೊಡಿ, ದೇಶದೊಳಗಿನವರು ಮಾತ್ರ ಹಾಕಿ ಎಂದು ಬರೆಯಿರಿ.