ಮರುಏರಿಕೆಗೆ ಉತ್ತರವೇನು?

ಕಳವಾರ ದುರ್ಗವೆಂದೂ ಹೆಸರಾದ ನಮ್ಮ ಸ್ಕಂದಗಿರಿಗೂ ಇಸ್ಪೀಟಿನ ಕಳಾವರಕ್ಕೂ ಹೆಸರಿನ ಹೋಲಿಕೆಯಲ್ಲದೆ ಬೇರಾವ ನಂಟೂ ಇಲ್ಲ. ಆದರೂ ನಮ್ಮ ಗೆಳೆಯರ ಗುಂಪು ಪೋಕರ್ ಆಟವನ್ನು ಕಲಿತದ್ದು ಆ ಬೆಟ್ಟದ ತಪ್ಪಲಿನಲ್ಲಿಯೇ, ಪಣವಾಗಿದ್ದುದು ಹುಣಸೆಬೀಜ. ನಾನು ಪಣವನ್ನು ಏರಿಸಿದಾಗಲೆಲ್ಲ ಮಿತ್ರನೊಬ್ಬನು ಅದನ್ನು ಮೂರು ಪಟ್ಟು ಮರುಏರಿಸುತ್ತಿದ್ದನು. ಮೊದಮೊದಲು ಹೆದರಿ ಎಲೆಗಳನ್ನು ಕೆಳಗಿಟ್ಟೆನು. ಬಳಿಕ ರೇಗಿ, ಇದ್ದ ಬೀಜಗಳನ್ನೆಲ್ಲ ಒಮ್ಮೆಲೇ ಒಡ್ಡಿ ಬರಿಗೈಯಾದೆನು. ಭಯವೂ ಕೋಪವೂ ಉತ್ತರವಲ್ಲ, ಎಣಿಕೆಯೇ ಉತ್ತರವೆಂಬುದನ್ನು ನಿರೂಪಿಸುವುದು ಈ ಲೇಖನದ ಉದ್ದೇಶ.

'ನೋ ಲಿಮಿಟ್ ಹೋಲ್ಡೆಮ್' ಎಂಬ ಈ ಆಟದಲ್ಲಿ ಒಬ್ಬೊಬ್ಬನಿಗೂ ಎರಡು ಗುಪ್ತ ಎಲೆಗಳು. ಎಲ್ಲರಿಗೂ ಸಲ್ಲುವ ಐದು ಎಲೆಗಳು ಅನಂತರ ನಡುವೆ ಬೀಳುತ್ತವೆ. ಪಣಕ್ಕೆ ಮೇಲ್ಮಿತಿಯಿಲ್ಲ. ನಡುವಿನ ಎಲೆಗಳು ಬೀಳುವ ಮೊದಲೇ ನಡೆಯುವ ಮರುಏರಿಕೆಯೇ ಇಲ್ಲಿನ ವಿಷಯ.

ಕಡ್ಡಾಯ ಪಣಗಳು 1 ಮತ್ತು 2 ಬೀಜಗಳೆಂದಿಟ್ಟುಕೊಳ್ಳೋಣ. ನಾನು 6ಕ್ಕೆ ಏರಿಸಿದೆನು. ರಾಶಿಯಲ್ಲಿ 9 ಬೀಜಗಳಾದವು. ನನ್ನ ಬಳಿಕ ಆಡುವ ಮಿತ್ರನು 18ಕ್ಕೆ ಮರುಏರಿಸಿದನು. ಅಂದರೆ 9ನ್ನು ಗೆಲ್ಲಲು ಅವನು 18ನ್ನು ಒಡ್ಡಿದ್ದಾನೆ. ಉಳಿದವರು ಹಿಂದೆ ಸರಿದರೆ, ಮೂರರಲ್ಲಿ ಎರಡಕ್ಕಿಂತ ಹೆಚ್ಚು ಸಲ ನಾನೂ ಸರಿಯುವ ಪಕ್ಷದಲ್ಲಿ ಅವನಿಗೆ ಎಂತಹ ಎಲೆ ಬಂದರೂ ಲಾಭವೇ! ನನ್ನ ಹೆದರಿಕೆಯೇ ಅವನ ಬಂಡವಾಳವಾಗಿತ್ತು.

ಇನ್ನು ಅವನ ಕೈಯನ್ನು ಎಣಿಸೋಣ. 52 ಎಲೆಗಳಿಂದ ಎರಡೆರಡರಂತೆ 1326 ಜೋಡಿಗಳಾಗುತ್ತವೆ. ಎರಡು ಎಕ್ಕಗಳು 6 ವಿಧ, ಎರಡು ರಾಜರು 6, ಎರಡು ರಾಣಿಯರು 6, ಎಕ್ಕ-ರಾಜ 16, ಒಟ್ಟು 34. ಎಂದರೆ 39 ಕೈಗಳಿಗೆ ಒಂದು. ಅಪರೂಪಕ್ಕೆ ಮರುಏರಿಸುವವನನ್ನು ನಂಬಿ ಎಲೆ ಕೆಳಗಿಡುವುದೇ ಜಾಣತನ. ಐದು ಕೈಗಳಿಗೊಮ್ಮೆ ಮರುಏರಿಸುವವನ ಬಳಿ ಸುಮಾರು 265 ಜೋಡಿಗಳಿರಬೇಕು; ಅವುಗಳಲ್ಲಿ ಈ ಪ್ರಬಲ ಜೋಡಿಗಳು ಎಂಟರಲ್ಲಿ ಒಂದು ಪಾಲು ಮಾತ್ರ. ಆದರೆ ಹತ್ತು ಕೈಗಳನ್ನು ನೋಡಿಯೇ ಅವನ ಸ್ವಭಾವವನ್ನು ನಿರ್ಣಯಿಸಬಾರದು. ಅವನಿಗೆ ನಿಜವಾಗಿಯೂ ಒಳ್ಳೆಯ ಎಲೆಗಳು ಬಂದಿರಬಹುದು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ದುರ್ಬಲ ಎಲೆಗಳೊಡನೆ ಏರಿಸುವುದನ್ನೇ ಕಡಮೆ ಮಾಡಬೇಕು. ತಪ್ಪು ಅನೇಕ ವೇಳೆ ಇಲ್ಲಿಯೇ ಇರುತ್ತದೆ. ಎರಡನೆಯದಾಗಿ, ಸರಿಗಟ್ಟುವ ಬೆಲೆಯನ್ನು ತಿಳಿದಿರಬೇಕು. 27ರ ರಾಶಿಗಾಗಿ ಇನ್ನೂ 12 ಕೊಡಬೇಕು. 39ರಲ್ಲಿ 12, ಅಂದರೆ ಶೇಕಡಾ 31ರಷ್ಟು ಗೆಲ್ಲುವ ಸಂಭವವಿರಬೇಕು. ಮುಂದಿನ ಸುತ್ತುಗಳಲ್ಲಿ ನಾವೇ ಮೊದಲು ಆಡಬೇಕಾದುದರಿಂದ ಅದಕ್ಕಿಂತ ತುಸು ಹೆಚ್ಚೇ ಬೇಕು. ಆಟದ ಸರದಿಯಲ್ಲಿ ನಾವು ಕೊನೆಯವರಾದರೆ ಧೈರ್ಯವಾಗಿ ಸರಿಗಟ್ಟಬಹುದು. ಮೂರನೆಯದಾಗಿ, ಒಮ್ಮೊಮ್ಮೆ ನಾವೂ ಸುಮಾರು 45ಕ್ಕೆ ಏರಿಸಬೇಕು. ಇದಕ್ಕೆ ಪ್ರಬಲ ಜೋಡಿಗಳಲ್ಲದೆ, ಒಂದೇ ಜಾತಿಯ ಎಕ್ಕ-ಐದು ಕೂಡ ತಕ್ಕುದು. ಒಂದು ಎಕ್ಕ ನಮ್ಮಲ್ಲಿದ್ದರೆ ಎದುರಾಳಿಯಲ್ಲಿ ಎರಡು ಎಕ್ಕಗಳಿರುವ ವಿಧಗಳು 6ರಿಂದ 3ಕ್ಕೂ, ಎಕ್ಕ-ರಾಜ 16ರಿಂದ 12ಕ್ಕೂ ಇಳಿಯುತ್ತವೆ.

ಹೀಗೆ ಆಡತೊಡಗಿದ ಮೇಲೆ ಮಿತ್ರನ ಮರುಏರಿಕೆಗಳು ತಾವಾಗಿಯೇ ವಿರಳವಾದವು.

ಕೊನೆಗೊಂದು ಮಾತು. ಆನ್‌ಲೈನ್‌ನಲ್ಲಿ ಹಣದ ಪಣವಿಟ್ಟು ಆಡುವುದನ್ನು ನಿಷೇಧಿಸಿದ ನಮ್ಮ ರಾಜ್ಯದ 2021ರ ತಿದ್ದುಪಡಿಯನ್ನು ಹೈಕೋರ್ಟು 2022ರಲ್ಲಿ ರದ್ದುಪಡಿಸಿತು. 2025ರಲ್ಲಿ ಸಂಸತ್ತು ದೇಶಕ್ಕೆಲ್ಲ ಅನ್ವಯಿಸುವಂತೆ ಅಂತಹ ಆಟಗಳನ್ನು ನಿಷೇಧಿಸಿತು. ಕಾನೂನು ಹಾಗಿರಲಿ, ಗಣಿತವೇ ನಮ್ಮನ್ನು ಎಚ್ಚರಿಸುತ್ತದೆ. ಮೇಲಿನ ಲೆಕ್ಕಗಳು ಫಲ ಕೊಡುವುದು ಸಾವಿರಾರು ಕೈಗಳ ಸರಾಸರಿಯಲ್ಲಿ. ವಿದ್ಯಾರ್ಥಿಯ ಶುಲ್ಕದ ಹಣ ಕರಗಲು ಒಂದೇ ಕೈ ಸಾಕು. ಆದುದರಿಂದ ಗೆಳೆಯರೇ, ಪಣಕ್ಕೆ ಹುಣಸೆಬೀಜವೇ ಲೇಸು.