ತೊಳೆದ ತಟ್ಟೆ ಸ್ವಚ್ಛವೇ? ಒಂದು ಬೋಧನಾಭ್ಯಾಸದ ಅನುಭವ

ಬೋಧನಾಭ್ಯಾಸದ ಮೂರನೆಯ ವಾರ 6ನೇ ತರಗತಿಗೆ ಪಿಷ್ಟದ ಪರೀಕ್ಷೆ ಮಾಡಿಸಬೇಕಿತ್ತು. ಅನ್ನ, ಆಲೂಗಡ್ಡೆಯ ಮೇಲೆ ಅಯೋಡಿನ್ ಹಾಕಿ ನೀಲಿಗಪ್ಪು ಬಣ್ಣ ತೋರಿಸುವುದು ಎಲ್ಲರೂ ಮಾಡುವ ಚಟುವಟಿಕೆ. ಅದನ್ನೇ ಬಿಸಿಯೂಟದ ತಟ್ಟೆಗೆ ಅನ್ವಯಿಸಿದರೆ? ತೊಳೆದ ತಟ್ಟೆಯಲ್ಲಿ ಅನ್ನದ ಅಂಶ ಉಳಿದಿದ್ದರೆ ಗೊತ್ತಾಗಿಬಿಡುತ್ತದೆ ಎಂದುಕೊಂಡೆ.

ತರಗತಿಯಲ್ಲಿ ನಡೆದದ್ದು

ಔಷಧಿ ಅಂಗಡಿಯ ಟಿಂಕ್ಚರ್ ಅಯೋಡಿನ್‌ಗೆ ತಿಳಿ ಕಂದು ಬಣ್ಣ ಬರುವಷ್ಟು ನೀರು ಬೆರೆಸಿಕೊಂಡಿದ್ದೆ. ತೊಳೆದಿಟ್ಟ 6 ತಟ್ಟೆಗಳನ್ನು ಮೇಜಿನ ಮೇಲಿಟ್ಟು, "ಇವು ಸ್ವಚ್ಛವಾಗಿವೆಯೇ? ಹೇಗೆ ಹೇಳುತ್ತೀರಿ?" ಎಂದು ಕೇಳಿದೆ. "ಹೊಳೀತಾ ಇವೆ ಮಿಸ್", "ವಾಸನೆ ಇಲ್ಲ", "ಮುಟ್ಟಿದ್ರೆ ಜಿಡ್ಡಿಲ್ಲ" ಎಂಬ ಉತ್ತರಗಳನ್ನು ಕಪ್ಪುಹಲಗೆಯಲ್ಲಿ ಬರೆದೆ. ಆಮೇಲೆ ಹನಿ ಹಾಕಿದಾಗ 4 ತಟ್ಟೆಗಳ ಅಂಚಿನಲ್ಲಿ ನೀಲಿ ಗೆರೆ ಮೂಡಿತು.

"ಅಡುಗೆ ಅಕ್ಕ ಸರಿಯಾಗಿ ತೊಳೆಯಲ್ಲ!" ಎಂದು ಒಬ್ಬ ಕೂಗಿದ. ತಟ್ಟೆ ಒಯ್ಯಲು ಬಂದಿದ್ದ ಅಕ್ಕ ಬಾಗಿಲಲ್ಲೇ ನಿಂತಿದ್ದರು. "ಪಾತ್ರೆ ತೊಳೆಯೋದು ನಾನು. ತಟ್ಟೆ ತೊಳೆಯೋರು ನೀವೇ ಅಲ್ವೇನೋ?" ಎಂದಷ್ಟೇ ಹೇಳಿ ಹೋದರು. ನನ್ನ ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ನಾನೂ ಸುಮ್ಮನಿದ್ದೆ.

ಮಾರ್ಗದರ್ಶಕರ ಪ್ರಶ್ನೆಗಳು

ಪಾಠ ಅವಲೋಕಿಸಿದ ಉಪನ್ಯಾಸಕರು ಎರಡು ಪ್ರಶ್ನೆ ಕೇಳಿದರು: "ಹೋಲಿಸಿ ನೋಡಲು ತಟ್ಟೆ ಎಲ್ಲಿತ್ತು? ನೀಲಿಯಾಗದ 2 ತಟ್ಟೆಗಳಲ್ಲಿ ರೋಗಾಣು ಇಲ್ಲವೆನ್ನುತ್ತೀರಾ?"

ಎರಡೂ ನನ್ನ ತಪ್ಪುಗಳೇ. ಗಂಜಿ ಸವರಿದ ಒಂದು ತಟ್ಟೆ, ಅನ್ನವನ್ನೇ ಹಾಕದ ಒಂದು ತಟ್ಟೆ ಪಕ್ಕದಲ್ಲಿರಬೇಕಿತ್ತು. ಅಯೋಡಿನ್ ಹಿಡಿಯುವುದು ಪಿಷ್ಟವನ್ನು ಮಾತ್ರ. ಸಾರಿನ ಎಣ್ಣೆಯನ್ನೂ ಅಲ್ಲ, ಬ್ಯಾಕ್ಟೀರಿಯಾವನ್ನೂ ಅಲ್ಲ. ಆಹಾರ ಉದ್ಯಮದಲ್ಲಿ ಎಟಿಪಿ ಪರೀಕ್ಷೆ ಬಳಸುತ್ತಾರೆ. ಮೇಲ್ಮೈಯನ್ನು ಸವರಿದ ಕಡ್ಡಿಯಲ್ಲಿರುವ ಎಟಿಪಿಯು ಮಿಂಚುಹುಳುವಿನಲ್ಲಿರುವಂಥ ಕಿಣ್ವದೊಂದಿಗೆ ವರ್ತಿಸಿ ಬೆಳಕು ಕೊಡುತ್ತದೆ. ಉಪಕರಣ ಅದನ್ನು ಅಳೆಯುತ್ತದೆ. ಅದು ಕೂಡ ಆಹಾರದ ಉಳಿಕೆ, ಸೂಕ್ಷ್ಮಜೀವಿ ಎರಡನ್ನೂ ಸೇರಿಸಿಯೇ ತೋರಿಸುತ್ತದೆ. ಬ್ಯಾಕ್ಟೀರಿಯಾ ಎಣಿಸಲು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಬೇಕು. ಆದರೆ ಉಳಿದ ಆಹಾರವೇ ಸೂಕ್ಷ್ಮಜೀವಿಗಳಿಗೆ ಊಟವಾದ್ದರಿಂದ ನಮ್ಮ ಪರೀಕ್ಷೆ ವ್ಯರ್ಥವೇನಲ್ಲ.

ಮರುಬೋಧನೆ

ಮರುದಿನ ಮೊದಲು ಅಕ್ಕನ ಬಳಿ ಕ್ಷಮೆ ಕೇಳಿದೆ. ತರಗತಿಯಲ್ಲಿ "ಯಾರು ತೊಳೆದರು?" ಎಂಬುದನ್ನು ಬಿಟ್ಟು "ಎಲ್ಲಿ ಉಳಿಯಿತು, ಏಕೆ?" ಎಂದು ಕೇಳಿದೆ. ಮಕ್ಕಳು ತಟ್ಟೆಯ ಚಿತ್ರ ಬರೆದು ನೀಲಿಯಾದ ಜಾಗ ಗುರುತಿಸಿದರು. ಎಲ್ಲವೂ ಅಂಚಿನ ಮಡಿಕೆಯಲ್ಲೇ. ನಲ್ಲಿಯ ನೀರು ಸಣ್ಣಗೆ ಬರುತ್ತದೆ, ಅನ್ನ ಒಣಗಿರುತ್ತದೆ, ನಾವು ನಡುವೆ ಮಾತ್ರ ಉಜ್ಜುತ್ತೇವೆ ಎಂದು ಅವರೇ ಕಾರಣ ಹುಡುಕಿದರು. "ಒಣಗೋಕೆ ಬಿಡಬೇಡಿ, ನೆನೆಹಾಕಿ" ಎಂದು ಅಕ್ಕ ಸಲಹೆ ಕೊಟ್ಟರು. ನೆನೆಸಿ, ಅಂಚು ಉಜ್ಜಿ, ಜಾಲಿಸಿ, ಬೋರಲು ಹಾಕಿ ಒಣಗಿಸಿದ 6 ತಟ್ಟೆಗಳಲ್ಲಿ ಒಂದು ಮಾತ್ರ ನೀಲಿಯಾಯಿತು.

ಅಂದು ಅಕ್ಕನೇ ಮೇಜು ಒರೆಸುವ ಬಟ್ಟೆ ತಂದು, "ಇದನ್ನೂ ನೋಡಿ ಮಿಸ್" ಎಂದರು. ಹಿಂಡಿದ ನೀರಿಗೆ ಹನಿ ಹಾಕಿದೆವು, ಕಡುನೀಲಿ. ಅಂಥ ಬಟ್ಟೆಯಿಂದ ಒರೆಸಿದಷ್ಟೂ ಕೊಳೆ ಹರಡುತ್ತದೆಂದು ಮಕ್ಕಳಿಗೆ ವಿವರಿಸಿದವರೂ ಅವರೇ.

ಸಹಪ್ರಶಿಕ್ಷಣಾರ್ಥಿಗಳಿಗೆ

ಬಿಸಿಯಲ್ಲಿ ನೀಲಿ ಬಣ್ಣ ಮಾಯವಾಗುವುದರಿಂದ ತಟ್ಟೆ ತಣ್ಣಗಿರಲಿ. ಪರೀಕ್ಷಿಸಿದ ತಟ್ಟೆಗಳನ್ನು ಸೋಪಿನಿಂದ ತೊಳೆಯದೆ ಊಟಕ್ಕೆ ಕೊಡಬೇಡಿ. ಪರೀಕ್ಷೆಗೆ ಮುನ್ನ, ಅದು ಯಾರ ಕೆಲಸವನ್ನು ಅಳೆಯುತ್ತದೆಯೋ ಅವರಿಗೆ ತಿಳಿಸಿ, ಜೊತೆಗೆ ಕರೆದುಕೊಳ್ಳಿ.